ಥಾಮ್ಸನ್ ಎಂಬ ಹೆಸರಿನ ವಿಜ್ಞಾನಿಗಳು: ಯಾವ ಪರಿಣಾಮ ಯಾರದು?

ಕರಿಹಲಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತೇನೆ. ನಮ್ಮಲ್ಲಿಗೆ ಬರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಾದ್ದರಿಂದ, ಪಾಠದ ಜೊತೆಗೆ ಓದಿಕೊಳ್ಳಲೆಂದು ಅವರಿಗಾಗಿ ಕನ್ನಡದಲ್ಲಿ ಟಿಪ್ಪಣಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಬರುವ ಒಂದು ಹೆಸರಿನ ಬಗ್ಗೆ ನಿಮ್ಮ ನೆರವು ಬೇಕಾಗಿದೆ.

ಪರಮಾಣುವಿನ ಪಾಠದಲ್ಲಿ ಥಾಮ್ಸನ್ ಮಾದರಿ ಬರುತ್ತದೆ. ಅನಿಲಗಳ ತಂಪಾಗುವಿಕೆಯನ್ನು ಹೇಳುವಾಗ ಜೂಲ್–ಥಾಮ್ಸನ್ ಪರಿಣಾಮ ಬರುತ್ತದೆ. ಹಳೆಯ ಪಠ್ಯಗಳಲ್ಲಿ ಶಾಖಕ್ಕೂ ವಿದ್ಯುತ್ತಿಗೂ ಇರುವ ನಂಟನ್ನು ಹೇಳುವ ಸೀಬೆಕ್ ಮತ್ತು ಪೆಲ್ಟಿಯೆ ಪರಿಣಾಮಗಳ ಬೆನ್ನಿಗೇ ಬರಿದೇ ‘ಥಾಮ್ಸನ್ ಪರಿಣಾಮ’ ಎಂಬ ಇನ್ನೊಂದು ಇದೆ. ಎಲೆಕ್ಟ್ರಾನಿನ ತರಂಗ ಸ್ವಭಾವವನ್ನು ತೋರಿಸಿದವರೂ ಥಾಮ್ಸನ್. ಮುಕ್ತ ಎಲೆಕ್ಟ್ರಾನ್ ಬೆಳಕನ್ನು ಚದುರಿಸುವುದೂ ಥಾಮ್ಸನ್ ಚದುರಿಕೆ. ಇದು ಸಾಲದೆಂಬಂತೆ, ನಮ್ಮ ಪ್ರಯೋಗಾಲಯದಲ್ಲಿರುವ, ವಿದ್ಯುತ್ ಹರಿಸಿದ ಕೂಡಲೇ ಅಲ್ಯೂಮಿನಿಯಂ ಉಂಗುರ ಮೇಲಕ್ಕೆ ಹಾರುವ ಉಪಕರಣದ ಪೆಟ್ಟಿಗೆಯ ಮೇಲೂ ಅದೇ ಹೆಸರು ಅಚ್ಚಾಗಿದೆ. ಇವೆಲ್ಲವನ್ನೂ ಒಬ್ಬರೇ ಮಾಡಿದರೇ, ಹಾಗಿದ್ದರೆ ಒಂದು ಮಾನಕ್ಕೂ ಅವರ ಹೆಸರನ್ನು ಏಕೆ ಇಟ್ಟಿಲ್ಲ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ. ಪ್ರಶ್ನೆ ಸರಿಯಾಗಿಯೇ ಇದೆ. ಸಂಕ್ಷಿಪ್ತ ಉತ್ತರವನ್ನು ಕೊಟ್ಟಿದ್ದೇನೆ, ಆದರೆ ಟಿಪ್ಪಣಿಯಲ್ಲಿ ಅಚ್ಚಾಗುವುದು ಪೂರ್ಣವಾಗಿರಬೇಕೆಂಬ ಆಸೆ. ಇವರು ಒಟ್ಟು ಯಾರು ಯಾರು, ಇವರ ನಡುವೆ ಬಂಧುತ್ವವೇನಾದರೂ ಇತ್ತೇ, ಪತ್ರಿಕೆಗಳು ಕೆಲವೊಮ್ಮೆ ಬರೆಯುವ ‘ಥಾಂಪ್ಸನ್’ ಇವರಲ್ಲಿ ಯಾರಿಗಾದರೂ ಸಲ್ಲುತ್ತದೆಯೇ ಎಂಬುದನ್ನು ತಿಳಿದವರು ಬರೆಯಬೇಕಾಗಿ ವಿನಂತಿ.

ಪುಸ್ತಕದಹುಳು

ಮೇಡಂ, ನೀವು ಪಟ್ಟಿ ಮಾಡಿದ ಆರು ವಿಷಯಗಳ ಹಿಂದೆ ನಾಲ್ವರು ಇದ್ದಾರೆ. ಅವರಲ್ಲಿ ಇಬ್ಬರು ತಂದೆ ಮತ್ತು ಮಗ. ಉಳಿದಂತೆ ಯಾರಿಗೂ ಯಾರೂ ಸಂಬಂಧಿಗಳಲ್ಲ.

ಮೊದಲನೆಯವರು ವಿಲಿಯಂ ಥಾಮ್ಸನ್. 1824ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದವರು. ಅವರ ತಂದೆ ಜೇಮ್ಸ್ ಥಾಮ್ಸನ್ ಗಣಿತದ ಪ್ರಾಧ್ಯಾಪಕರಾಗಿ ಗ್ಲಾಸ್ಗೋಗೆ ಬಂದಾಗ ಕುಟುಂಬವೂ ಅಲ್ಲಿಗೆ ಬಂದು ನೆಲೆಸಿತು. ವಿಲಿಯಂ 1846ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅದೇ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪೀಠವನ್ನೇರಿ, 1899ರವರೆಗೆ ಅಲ್ಲಿಯೇ ಉಳಿದರು. ಉಷ್ಣಕ್ಕೆ ಸಂಬಂಧಿಸಿದ ಎರಡೂ ಪರಿಣಾಮಗಳು ಇವರವು. ಬರಿದೇ ‘ಥಾಮ್ಸನ್ ಪರಿಣಾಮ’ ಎಂದಾಗ ಒಂದೇ ಲೋಹದ ತಂತಿಯ ಎರಡು ತುದಿಗಳ ತಾಪ ಬೇರೆ ಬೇರೆ ಇದ್ದು ಅದರಲ್ಲಿ ವಿದ್ಯುತ್ ಹರಿದರೆ, ತಂತಿಯುದ್ದಕ್ಕೂ ಉಷ್ಣವು ಹೀರಲ್ಪಡುವುದು ಅಥವಾ ಬಿಡುಗಡೆಯಾಗುವುದು ಎಂದು ಅರ್ಥ. ಸೀಬೆಕ್ ಮತ್ತು ಪೆಲ್ಟಿಯೆ ಪರಿಣಾಮಗಳಿಗೆ ಎರಡು ಲೋಹಗಳ ಸಂಧಿ ಬೇಕು, ಇದಕ್ಕೆ ಬೇಡ. ವಿದ್ಯಾರ್ಥಿಗಳು ತಪ್ಪುವುದು ಸಾಮಾನ್ಯವಾಗಿ ಇಲ್ಲಿಯೇ. ಆ ಎರಡು ಪರಿಣಾಮಗಳನ್ನು ಉಷ್ಣಗತಿಶಾಸ್ತ್ರದ ಮೂಲಕ ಜೋಡಿಸಲು ಹೋದಾಗ ಮೂರನೆಯದೊಂದು ಇರಲೇಬೇಕು ಎಂದು ವಿಲಿಯಂ ಥಾಮ್ಸನ್ ಲೆಕ್ಕದಿಂದ ಕಂಡುಕೊಂಡರು. ಪ್ರಯೋಗದಲ್ಲಿ ಅದು ಸಿಕ್ಕಿದ್ದು ಆಮೇಲೆ.

ಜೂಲ್–ಥಾಮ್ಸನ್ ಪರಿಣಾಮದ ಕಥೆ ಆರಂಭವಾಗುವುದು 1847ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ ಸಭೆಯಲ್ಲಿ. ಶಾಖವೂ ಯಾಂತ್ರಿಕ ಕೆಲಸವೂ ಒಂದರಿಂದ ಒಂದಕ್ಕೆ ಬದಲಾಗಬಲ್ಲವು ಎಂದು ಮ್ಯಾಂಚೆಸ್ಟರ್ ಕಡೆಯ ಮದ್ಯ ತಯಾರಕರ ಮನೆತನದ ಜೇಮ್ಸ್ ಜೂಲ್ ಹೇಳುತ್ತಿದ್ದುದನ್ನು ಅಲ್ಲಿ ಹೆಚ್ಚಿನವರು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಕಿವಿಗೊಟ್ಟವರಲ್ಲಿ ಒಬ್ಬರು ಈ ಯುವ ಪ್ರಾಧ್ಯಾಪಕ. 1852ರಿಂದ ಸುಮಾರು ಒಂದು ದಶಕದ ಕಾಲ ಇಬ್ಬರೂ ಬಹುಪಾಲು ಪತ್ರಗಳ ಮೂಲಕವೇ ಚರ್ಚಿಸುತ್ತಾ ಪ್ರಯೋಗಗಳನ್ನು ನಡೆಸಿದರು. ಒತ್ತಡದಲ್ಲಿರುವ ಅನಿಲವನ್ನು ಹೊರಗಿನೊಡನೆ ಶಾಖದ ಕೊಡುಕೊಳ್ಳುವಿಕೆಯಿಲ್ಲದಂತೆ ಸರಂಧ್ರವಾದ ಬಿರಡೆಯ ಮೂಲಕ ಕಡಿಮೆ ಒತ್ತಡದ ಕಡೆಗೆ ಹಾಯಿಸಿದರೆ ಹೆಚ್ಚಿನ ಅನಿಲಗಳು ತಂಪಾಗುತ್ತವೆ. ಕೋಣೆಯ ತಾಪದಲ್ಲಿ ಹೈಡ್ರೋಜನ್, ಹೀಲಿಯಂ ಮತ್ತು ನಿಯಾನ್ ಮಾತ್ರ ತಂಪಾಗುವ ಬದಲು ಬಿಸಿಯಾಗುತ್ತವೆ. ಗಾಳಿಯನ್ನು ದ್ರವವಾಗಿಸುವ ಲಿಂಡೆ ವಿಧಾನ 1895ರಲ್ಲಿ ನಿಂತದ್ದು ಇದರ ಮೇಲೆಯೇ.

ಇನ್ನು ನಿಮ್ಮ ವಿದ್ಯಾರ್ಥಿನಿಯ ಎರಡನೆಯ ಪ್ರಶ್ನೆ. ಮಾನಕ್ಕೆ ಅವರ ಹೆಸರನ್ನು ಇಟ್ಟಿದ್ದಾರೆ. ಅದನ್ನು ಅವಳು ದಿನವೂ ಬರೆಯುತ್ತಾಳೆ. 1892ರಲ್ಲಿ ಬ್ರಿಟಿಷ್ ಸರ್ಕಾರ ವಿಲಿಯಂ ಥಾಮ್ಸನ್ ಅವರಿಗೆ ಬ್ಯಾರನ್ ಪದವಿಯನ್ನು ಕೊಟ್ಟಿತು. ಹಾಗೆ ಶ್ರೀಮಂತ ಸಭೆಯನ್ನು ಸೇರುವವರು ಪದವಿಗೊಂದು ಹೆಸರನ್ನು ಆರಿಸಿಕೊಳ್ಳಬೇಕು. ಇವರು ಗ್ಲಾಸ್ಗೋ ವಿಶ್ವವಿದ್ಯಾಲಯದ ಪಕ್ಕದಲ್ಲಿಯೇ ಹರಿಯುವ ಕೆಲ್ವಿನ್ ಎಂಬ ಸಣ್ಣ ನದಿಯ ಹೆಸರನ್ನು ತೆಗೆದುಕೊಂಡು ಲಾರ್ಡ್ ಕೆಲ್ವಿನ್ ಆದರು. ನಿರಪೇಕ್ಷ ತಾಪಮಾನದ ಅಳತೆಗೋಲನ್ನು ಅವರು ಮಂಡಿಸಿದ್ದು 1848ರಲ್ಲಿ, ಅಂದರೆ ಪದವಿ ಸಿಗುವುದಕ್ಕೆ ನಾಲ್ಕು ದಶಕಗಳ ಮೊದಲು. ಆದರೆ ಅಂತರರಾಷ್ಟ್ರೀಯ ಮಾನವಾಗಿ ಅದಕ್ಕೆ ಹೆಸರು ನಿಂತಿದ್ದು ಇಪ್ಪತ್ತನೆಯ ಶತಮಾನದಲ್ಲಿ, ಲೋಕವು ಅವರನ್ನು ಕೆಲ್ವಿನ್ ಎಂದೇ ನೆನೆಯುತ್ತಿದ್ದ ಕಾಲದಲ್ಲಿ. ಹಾಗಾಗಿ ಒಂದೇ ತಲೆಯಿಂದ ಬಂದ ವಿಚಾರಗಳು ಅರ್ಧ ಥಾಮ್ಸನ್ ಹೆಸರಿನಲ್ಲಿ, ಅರ್ಧ ಕೆಲ್ವಿನ್ ಹೆಸರಿನಲ್ಲಿ ಹಂಚಿಹೋಗಿವೆ. ಕೆಲವು ಪುಸ್ತಕಗಳು ಜೂಲ್–ಕೆಲ್ವಿನ್ ಪರಿಣಾಮ ಎಂದು ಬರೆಯುವುದನ್ನು ಕಂಡಿರಬಹುದು. ಅದು ಬೇರೆ ಪರಿಣಾಮವಲ್ಲ. ಅವರಿಗೆ ಮಕ್ಕಳಿರಲಿಲ್ಲವಾದ್ದರಿಂದ ಆ ಪದವಿ 1907ರಲ್ಲಿ ಅವರೊಂದಿಗೇ ಮುಗಿಯಿತು.

ಎರಡನೆಯವರು ಜೋಸೆಫ್ ಜಾನ್ ಥಾಮ್ಸನ್, ಜೆ.ಜೆ. ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. 1856ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪುಸ್ತಕ ವ್ಯಾಪಾರಿಯೊಬ್ಬರ ಮಗನಾಗಿ ಹುಟ್ಟಿದವರು. 1884ರಲ್ಲಿ ಕೇಂಬ್ರಿಡ್ಜ್‌ನ ಕ್ಯಾವೆಂಡಿಷ್ ಪ್ರಾಧ್ಯಾಪಕರಾದಾಗ ಅವರಿಗೆ ಇಪ್ಪತ್ತೆಂಟು ವರ್ಷ. ಎಲೆಕ್ಟ್ರಾನ್, ಪರಮಾಣು ಮಾದರಿ, ಚದುರಿಕೆ ಈ ಮೂರೂ ಇವರವು. ಮೂರನೆಯವರು ಇವರ ಮಗ ಜಾರ್ಜ್ ಪ್ಯಾಜೆಟ್ ಥಾಮ್ಸನ್. ಎಲೆಕ್ಟ್ರಾನಿನ ತರಂಗ ಸ್ವಭಾವವನ್ನು ತೋರಿಸಿದ ವಿವರ್ತನೆಯ ಪ್ರಯೋಗ ಇವರದು. ಹಾರುವ ಉಂಗುರದ ನಾಲ್ಕನೆಯ ಥಾಮ್ಸನ್ ಅಮೆರಿಕದ ಎಂಜಿನಿಯರ್. ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲವರು ಇಲ್ಲಿದ್ದಾರೆ.

ಇನ್ನೊಂದು ಮಾತು. ವಿಲಿಯಂ ಮತ್ತು ಜೆ.ಜೆ. ಬಂಧುಗಳಲ್ಲದಿದ್ದರೂ ಅವರಿಬ್ಬರ ನಡುವೆ ಜೂಲ್ ಒಂದು ಕೊಂಡಿಯಾಗಿದ್ದಾರೆ. ಬಾಲಕ ಜೆ.ಜೆ.ಯನ್ನು ಅವನ ತಂದೆ ಮ್ಯಾಂಚೆಸ್ಟರ್‌ನಲ್ಲಿ ಜೂಲ್ ಅವರಿಗೆ ಪರಿಚಯಿಸಿ, ಇವರನ್ನು ಕಂಡಿದ್ದೆನೆಂದು ಮುಂದೊಮ್ಮೆ ಹೆಮ್ಮೆಪಡುವೆ ಎಂಬ ಅರ್ಥದ ಮಾತನ್ನು ಹೇಳಿದ್ದರಂತೆ; ಜೆ.ಜೆ. ವೃದ್ಧಾಪ್ಯದಲ್ಲಿ ಇದನ್ನು ನೆನೆದಿದ್ದಾರೆ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನ್ಯೂಟನ್ ಸಮಾಧಿಯ ಸಮೀಪದಲ್ಲಿ ಇಬ್ಬರು ಥಾಮ್ಸನ್ನರಿಗೂ ಸ್ಥಳ ಸಿಕ್ಕಿದೆ.

ಮೂಡಣಗಾಳಿ

ಮೇಲಿನ ವಿವರಣೆ ಬಹಳ ಉಪಯುಕ್ತವಾಗಿದೆ. ಆದರೆ 1892ಕ್ಕೆ ಮೊದಲಿನದೆಲ್ಲ ಥಾಮ್ಸನ್, ಅನಂತರದ್ದೆಲ್ಲ ಕೆಲ್ವಿನ್ ಎಂದು ವಿದ್ಯಾರ್ಥಿಗಳು ಅದರಿಂದ ಒಂದು ಸೂತ್ರವನ್ನು ಮಾಡಿಕೊಂಡಾರು ಎಂಬ ಅಳುಕಿನಿಂದ ಇದನ್ನು ಬರೆಯುತ್ತಿದ್ದೇನೆ. ಹವಾಮಾನ ಮತ್ತು ಸಾಗರ ವಿಜ್ಞಾನದಲ್ಲಿ ನಾವು ನಿತ್ಯ ಬಳಸುವ ಕೆಲ್ವಿನ್ ಅಲೆಗಳನ್ನು ಅವರು ವಿವರಿಸಿದ್ದು 1879ರಲ್ಲಿ. ಆಗ ಅವರು ಸರ್ ವಿಲಿಯಂ ಥಾಮ್ಸನ್. ದ್ರವಗಳ ಪರಿಚಲನೆಯ ಬಗೆಗಿನ ಕೆಲ್ವಿನ್ ಪ್ರಮೇಯ ಅದಕ್ಕೂ ಹಿಂದಿನದು, 1869ರದು. ಹೆಸರು ನಿರ್ಧಾರವಾಗುವುದು ಕೆಲಸ ನಡೆದ ವರ್ಷದಿಂದಲ್ಲ, ಅದನ್ನು ಬಳಕೆಗೆ ತಂದ ಮುಂದಿನವರು ಯಾವ ಹೆಸರಿನಿಂದ ಕರೆದರು ಎಂಬುದರಿಂದ. ಸಮಭಾಜಕ ವೃತ್ತದುದ್ದಕ್ಕೂ ಶಾಂತಸಾಗರದಲ್ಲಿ ಪೂರ್ವಕ್ಕೆ ಸಾಗುವ ಕೆಲ್ವಿನ್ ಅಲೆಗಳು ಎಲ್ ನಿನೋ ಬೆಳೆಯುವುದರಲ್ಲಿ ಪಾತ್ರ ವಹಿಸುತ್ತವೆಯಾದ್ದರಿಂದ, ನಮ್ಮ ಮುಂಗಾರಿನ ಮುನ್ಸೂಚನೆಯ ಚರ್ಚೆಯಲ್ಲಿಯೂ ಈ ಹೆಸರು ಕೇಳಿಬರುತ್ತದೆ. ಆದರೆ ಅದನ್ನು ಥಾಮ್ಸನ್ ಅಲೆ ಎಂದು ಯಾರೂ ಕರೆಯುವುದಿಲ್ಲ.

ನಿಮ್ಮ ಪಟ್ಟಿಯಲ್ಲಿಲ್ಲದ ಇನ್ನೊಬ್ಬ ಥಾಮ್ಸನ್ ಟಿಪ್ಪಣಿಗೆ ಸೇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಅವರು ಕೆಲ್ವಿನ್‌ರ ಅಣ್ಣ, ತಂದೆಯ ಹೆಸರನ್ನೇ ಹೊತ್ತ ಜೇಮ್ಸ್ ಥಾಮ್ಸನ್. ಎಂಜಿನಿಯರ್ ಆಗಿದ್ದ ಅವರು ಒತ್ತಡ ಹೆಚ್ಚಿದಂತೆ ಮಂಜುಗಡ್ಡೆಯ ಕರಗುವ ಬಿಂದು ಇಳಿಯಬೇಕು ಎಂದು 1849ರಲ್ಲಿ ಲೆಕ್ಕಹಾಕಿ ತೋರಿಸಿದರು. ಮರುವರ್ಷ ತಮ್ಮ ವಿಲಿಯಂ ಅದನ್ನು ಪ್ರಯೋಗದಿಂದ ಖಚಿತಪಡಿಸಿದರು. ತೂಕ ಕಟ್ಟಿದ ತಂತಿಯೊಂದು ಮಂಜುಗಡ್ಡೆಯನ್ನು ಕೊಯ್ಯುತ್ತಾ ಕೆಳಗಿಳಿದರೂ ಗಡ್ಡೆ ಎರಡಾಗದೆ ಮತ್ತೆ ಕೂಡಿಕೊಳ್ಳುವ ಪ್ರಯೋಗವನ್ನು ತರಗತಿಯಲ್ಲಿ ವಿವರಿಸುವಾಗ ಆಧಾರವಾಗುವುದು ಈ ಲೆಕ್ಕವೇ. ಅದಕ್ಕಿಂತಲೂ ನಿಮ್ಮ ವಿದ್ಯಾರ್ಥಿನಿಗೆ ಹಿಡಿಸಬಹುದಾದ ಸಂಗತಿ ಇನ್ನೊಂದಿದೆ: ಕೋನವನ್ನು ಅಳೆಯುವ ರೇಡಿಯನ್ ಎಂಬ ಪದ ಮೊದಲು ಅಚ್ಚಾಗಿದ್ದು 1873ರ ಜೂನ್‌ನಲ್ಲಿ, ಬೆಲ್‌ಫಾಸ್ಟ್‌ನ ಕ್ವೀನ್ಸ್ ಕಾಲೇಜಿಗಾಗಿ ಈ ಜೇಮ್ಸ್ ಥಾಮ್ಸನ್ ತಯಾರಿಸಿದ ಪರೀಕ್ಷಾ ಪ್ರಶ್ನೆಪತ್ರಿಕೆಯಲ್ಲಿ. ಹಾಗೆ ನೋಡಿದರೆ ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬರು ಒಂದು ಮಾನಕ್ಕೆ ಪದವನ್ನು ಕೊಟ್ಟರು, ಇನ್ನೊಬ್ಬರು ಇನ್ನೊಂದು ಮಾನಕ್ಕೆ ತಮ್ಮ ಪದವಿಯ ಹೆಸರನ್ನೇ ಕೊಟ್ಟರು.

ಕರಿಹಲಗೆ

ಇಬ್ಬರಿಗೂ ಕೃತಜ್ಞತೆಗಳು. ರೇಡಿಯನ್ ವಿಚಾರವನ್ನು ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ. ಪ್ರಶ್ನೆಪತ್ರಿಕೆಯಿಂದಲೂ ಒಳ್ಳೆಯದೊಂದು ಹುಟ್ಟಬಹುದು ಎಂದರೆ ಮಕ್ಕಳು ನಂಬುವುದು ಕಷ್ಟ.

ಇನ್ನೆರಡು ಸಂದೇಹಗಳಿವೆ. ಪರಮಾಣು ಮಾದರಿಯನ್ನು ಸಂಪೂರ್ಣವಾಗಿ ಜೆ.ಜೆ. ಅವರದೆಂದು ಬರೆಯಬಹುದೇ? ಹಳೆಯ ಪುಸ್ತಕವೊಂದರಲ್ಲಿ ‘ಕೆಲ್ವಿನ್ ಮತ್ತು ಥಾಮ್ಸನ್‌ರ ಮಾದರಿ’ ಎಂದು ಓದಿದ ನೆನಪಿದೆ. ಕೆಲ್ವಿನ್ನರೇ ಥಾಮ್ಸನ್ ಆಗಿರುವಾಗ ಆ ಮಾತು ಗೊಂದಲವನ್ನು ಇಮ್ಮಡಿಗೊಳಿಸುತ್ತದೆ. ಎರಡನೆಯದಾಗಿ, ಎಲೆಕ್ಟ್ರಾನ್ ಒಂದು ಕಣ ಎಂದು ತೋರಿಸಿದ್ದಕ್ಕೆ ತಂದೆಗೆ, ಅದು ಅಲೆ ಎಂದು ತೋರಿಸಿದ್ದಕ್ಕೆ ಮಗನಿಗೆ ನೊಬೆಲ್ ಬಂತು ಎಂದು ಎಲ್ಲ ಕಡೆಯೂ ಹೇಳುತ್ತಾರೆ. ಕೇಳಲು ಸೊಗಸಾಗಿದೆ. ಅಷ್ಟೇ ನಿಖರವಾಗಿಯೂ ಇದೆಯೇ?

ಇರುಳುಗಣ್ಣು

ಎರಡನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ. ಆ ಮಾತಿನಲ್ಲಿ ಮಗನ ಭಾಗ ನಿಖರವಾಗಿದೆ, ತಂದೆಯ ಭಾಗ ಸ್ವಲ್ಪ ಜಾರಿದೆ. ಜೆ.ಜೆ. ಅವರಿಗೆ 1906ರಲ್ಲಿ ಪ್ರಶಸ್ತಿ ಬಂದಿದ್ದು ಅನಿಲಗಳಲ್ಲಿ ವಿದ್ಯುತ್ ಹರಿಯುವ ಬಗೆಯ ಮೇಲೆ ಅವರು ನಡೆಸಿದ ಸೈದ್ಧಾಂತಿಕ ಮತ್ತು ಪ್ರಾಯೋಗಿಕ ಸಂಶೋಧನೆಗಳಿಗೆ. ಎಲೆಕ್ಟ್ರಾನಿನ ಪತ್ತೆ ಆ ಸಂಶೋಧನೆಯ ಒಡಲಿನೊಳಗೇ ಇತ್ತು ಎಂಬುದು ನಿಜವಾದರೂ ಪ್ರಶಸ್ತಿಯ ಒಕ್ಕಣೆಯಲ್ಲಿ ಆ ಹೆಸರಿಲ್ಲ. ಅವರು ಸ್ವತಃ ಆ ಕಣಗಳನ್ನು ಎಲೆಕ್ಟ್ರಾನ್ ಎಂದು ಕರೆಯುತ್ತಿರಲಿಲ್ಲ, ಕಾರ್ಪಸಲ್ ಎನ್ನುತ್ತಿದ್ದರು. ಮಗ ಜಿ.ಪಿ. ಥಾಮ್ಸನ್ ಅಬರ್ಡೀನ್‌ನಲ್ಲಿದ್ದಾಗ 1927ರಲ್ಲಿ ಎಲೆಕ್ಟ್ರಾನುಗಳನ್ನು ಅತ್ಯಂತ ತೆಳುವಾದ ಹಾಳೆಗಳ ಮೂಲಕ ಹಾಯಿಸಿ, ಆಚೆಯ ಛಾಯಾಫಲಕದ ಮೇಲೆ ವಿವರ್ತನೆಯ ವರ್ತುಲಗಳನ್ನು ಪಡೆದರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಡೇವಿಸನ್ ಮತ್ತು ಜರ್ಮರ್ ನಿಕ್ಕಲ್ ಹರಳಿನಿಂದ ಚಿಮ್ಮಿದ ಎಲೆಕ್ಟ್ರಾನುಗಳಲ್ಲಿ ಅದನ್ನೇ ಕಂಡರು. 1937ರ ಪ್ರಶಸ್ತಿಯನ್ನು ಡೇವಿಸನ್ ಮತ್ತು ಜಿ.ಪಿ. ಹಂಚಿಕೊಂಡರು. ಜೆ.ಜೆ. ಬದುಕಿದ್ದುದು 1940ರವರೆಗೆ, ತಾವು ಹೊರಗೆಡಹಿದ ಕಣಕ್ಕೆ ಮಗ ಅಲೆಯ ಗುಣವನ್ನು ಕಂಡು ಪ್ರಶಸ್ತಿ ಪಡೆದುದನ್ನು ಅವರು ಕಣ್ಣಾರೆ ನೋಡಿದರು.

ಪರಮಾಣು ಮಾದರಿಯ ಬಗ್ಗೆ ನೀವು ಓದಿದ್ದು ಸರಿ, ಮತ್ತು ಈ ಹೆಸರಿನ ಗೊಂದಲ ನಿಜವಾಗಿಯೂ ಸ್ವಾರಸ್ಯಕರವಾಗುವುದು ಇಲ್ಲಿಯೇ. ಧನ ವಿದ್ಯುದಂಶವು ಒಂದು ಗೋಲದ ತುಂಬ ಸಮನಾಗಿ ಹರಡಿಕೊಂಡಿದೆ, ಅದರೊಳಗೆ ಋಣ ಕಣಗಳು ನೆಲೆಸಿವೆ ಎಂಬ ಕಲ್ಪನೆಯನ್ನು ಕೆಲ್ವಿನ್ 1902ರಲ್ಲಿ ಪ್ರಕಟಿಸಿದ್ದರು. ಜೆ.ಜೆ. ಅದನ್ನು ಕೈಗೆತ್ತಿಕೊಂಡು, ಕಣಗಳು ಗೋಲದೊಳಗೆ ವರ್ತುಲಾಕಾರದ ಸಾಲುಗಳಲ್ಲಿ ಸುತ್ತುತ್ತಿದ್ದರೆ ಎಷ್ಟೆಷ್ಟು ಕಣಗಳ ಜೋಡಣೆ ಸ್ಥಿರವಾಗಿ ನಿಲ್ಲುತ್ತದೆ ಎಂದು 1904ರಲ್ಲಿ ವಿಸ್ತಾರವಾಗಿ ಲೆಕ್ಕಹಾಕಿದರು. ಮೂಲಧಾತುಗಳ ಗುಣಗಳು ಆವರ್ತವಾಗಿ ಮರುಕಳಿಸುವುದಕ್ಕೂ ಈ ಸಾಲುಗಳಿಗೂ ನಂಟಿರಬಹುದೆಂದು ಸೂಚಿಸಿದರು. ಕಲ್ಪನೆಯ ಮೊದಲ ರೂಪ ಒಬ್ಬ ಥಾಮ್ಸನ್ನರದು, ಅದಕ್ಕೆ ಸಿದ್ಧಾಂತದ ಕಟ್ಟಡವನ್ನು ಕಟ್ಟಿದವರು ಇನ್ನೊಬ್ಬ ಥಾಮ್ಸನ್. ಆದ್ದರಿಂದ ಟಿಪ್ಪಣಿಯಲ್ಲಿ ಅದನ್ನು ಜೆ.ಜೆ. ಅವರ ಮಾದರಿ ಎಂದು ಕರೆದು, ಗೋಲದ ಕಲ್ಪನೆಯನ್ನು ಕೆಲ್ವಿನ್ ಮೊದಲೇ ಮುಂದಿಟ್ಟಿದ್ದರು ಎಂದು ಒಂದು ವಾಕ್ಯವನ್ನು ಸೇರಿಸಿದರೆ ಇಬ್ಬರಿಗೂ ನ್ಯಾಯ ಸಲ್ಲುತ್ತದೆ. ಪುಡ್ಡಿಂಗಿನಲ್ಲಿ ದ್ರಾಕ್ಷಿ, ಕಲ್ಲಂಗಡಿಯಲ್ಲಿ ಬೀಜ ಎಂದು ನಮ್ಮ ಪಠ್ಯಗಳು ಕೊಡುವ ಹೋಲಿಕೆಗಳು ಈ ಸುತ್ತುವ ಸಾಲುಗಳನ್ನು ಮರೆಮಾಡುತ್ತವೆ, ಜೆ.ಜೆ. ಅವರ ಕಣಗಳು ಹುದುಗಿ ಕೂತಿರಲಿಲ್ಲ, ಚಲಿಸುತ್ತಿದ್ದವು.

ಇದು ಇಬ್ಬರ ಮೊದಲ ಭೇಟಿಯೂ ಅಲ್ಲ. ಪರಮಾಣುಗಳೆಂದರೆ ಎಲ್ಲೆಡೆ ತುಂಬಿಕೊಂಡಿದೆಯೆಂದು ಆಗ ನಂಬಿದ್ದ ಈಥರ್ ಎಂಬ ಮಾಧ್ಯಮದಲ್ಲಿ ಎದ್ದ, ಎಂದೂ ಅಳಿಯದ ಸುಳಿಯ ಉಂಗುರಗಳು ಎಂದು ಕೆಲ್ವಿನ್ 1867ರಲ್ಲಿ ವಾದಿಸಿದ್ದರು. ತರುಣ ಜೆ.ಜೆ. ಕೇಂಬ್ರಿಡ್ಜ್‌ನ ಆಡಮ್ಸ್ ಬಹುಮಾನವನ್ನು ಗೆದ್ದ 1882ರ ಪ್ರಬಂಧ ಅಂಥ ಸುಳಿಯುಂಗುರಗಳ ಚಲನೆಯನ್ನು ಕುರಿತದ್ದೇ ಆಗಿತ್ತು. ಎರಡು ಸಲವೂ ಹಿರಿಯ ಥಾಮ್ಸನ್ ಬಿತ್ತಿದ್ದನ್ನು ಕಿರಿಯ ಥಾಮ್ಸನ್ ಬೆಳೆಸಿದರು, ಮತ್ತು ಎರಡು ಸಲವೂ ಪ್ರಕೃತಿ ಒಪ್ಪಲಿಲ್ಲ: ಸುಳಿ ಪರಮಾಣು ಸದ್ದಿಲ್ಲದೆ ಮರೆಗೆ ಸರಿಯಿತು, ಗೋಲದ ಮಾದರಿಯನ್ನು ಜೆ.ಜೆ. ಅವರ ಶಿಷ್ಯ ರುದರ್‌ಫರ್ಡ್ 1911ರಲ್ಲಿ, ಅದೂ ಗುರುಗಳ ಹುಟ್ಟೂರಾದ ಮ್ಯಾಂಚೆಸ್ಟರ್‌ನಲ್ಲಿ ಕುಳಿತು, ಬದಿಗೆ ಸರಿಸಿದರು.

ಚದುರಿಕೆಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಒಂದೆರಡು ಮಾತು. ಬೆಳಕಿನ ಅಲೆಯು ಮುಕ್ತ ಎಲೆಕ್ಟ್ರಾನನ್ನು ಅಲುಗಾಡಿಸುತ್ತದೆ, ಅಲುಗುವ ಎಲೆಕ್ಟ್ರಾನ್ ಅದೇ ಆವರ್ತಾಂಕದ ಬೆಳಕನ್ನು ಸುತ್ತಲೂ ಸೂಸುತ್ತದೆ, ಬಣ್ಣ ಬದಲಾಗುವುದಿಲ್ಲ. ಎಕ್ಸ್ ಕಿರಣಗಳ ಶಕ್ತಿ ಹೆಚ್ಚಿದಾಗ ಈ ಲೆಕ್ಕ ಕೈಕೊಡುತ್ತದೆ. ಅಲ್ಲಿಂದ ಮುಂದಿನದು, ಚದುರಿದ ಕಿರಣದ ಆವರ್ತಾಂಕ ಕಡಿಮೆಯಾಗುವ 1923ರ ಕಾಂಪ್ಟನ್ ಪರಿಣಾಮ. ಪೂರ್ಣ ಸೂರ್ಯಗ್ರಹಣದ ಹೊತ್ತಿನಲ್ಲಿ ಸೂರ್ಯನ ಸುತ್ತ ಕಾಣುವ ಬಿಳಿಯ ಕರೋನಾದ ಒಳಭಾಗದ ಹೊಳಪಿಗೆ ಮುಖ್ಯ ಕಾರಣ ಥಾಮ್ಸನ್ ಚದುರಿಕೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ ಎಲ್-1 ನೌಕೆಯಲ್ಲಿರುವ ಕರೋನಾದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಹೊಸಕೋಟೆಯ ಬಳಿಯ ತನ್ನ ಆವರಣದಲ್ಲಿ ಸಿದ್ಧಪಡಿಸಿತು. ಅದು ಗ್ರಹಣಕ್ಕೆ ಕಾಯದೆ ಸೂರ್ಯಬಿಂಬವನ್ನು ಮರೆಮಾಡಿ ಕರೋನಾವನ್ನು ನೋಡುತ್ತದೆ. ಜೆ.ಜೆ. ಅವರ ಸೂತ್ರ ಇಂದು ಎಲ್ಲಿ ಬಳಕೆಯಲ್ಲಿದೆ ಎಂದು ಮಕ್ಕಳು ಕೇಳಿದರೆ ಇದನ್ನು ಹೇಳಬಹುದು.

ತಾಮ್ರತಂತಿ

ಹಾರುವ ಉಂಗುರದ ಥಾಮ್ಸನ್ ನಮ್ಮ ಕ್ಷೇತ್ರದವರು, ಆದ್ದರಿಂದ ಆ ಭಾಗ ನನಗಿರಲಿ. ಅವರ ಪೂರ್ಣ ಹೆಸರು ಎಲಿಹು ಥಾಮ್ಸನ್. 1853ರಲ್ಲಿ ಹುಟ್ಟಿದ್ದು ಅದೇ ಮ್ಯಾಂಚೆಸ್ಟರ್‌ನಲ್ಲಿ, ಜೆ.ಜೆ.ಗಿಂತ ಮೂರು ವರ್ಷ ಮೊದಲು. ಬಾಲ್ಯದಲ್ಲಿಯೇ ಕುಟುಂಬದೊಂದಿಗೆ ಅಮೆರಿಕದ ಫಿಲಡೆಲ್ಫಿಯಾಗೆ ಹೋದರು. ಪರ್ಯಾಯ ವಿದ್ಯುತ್ ಹರಿಯುವ ಸುರುಳಿಯ ಬಳಿ ಇಟ್ಟ ವಾಹಕದ ಉಂಗುರದಲ್ಲಿ ಪ್ರೇರಿತ ಪ್ರವಾಹ ಉಂಟಾಗಿ ಉಂಗುರ ವಿಕರ್ಷಿಸಲ್ಪಡುವುದನ್ನು ಅವರು 1880ರ ದಶಕದಲ್ಲಿ ತೋರಿಸಿದರು. ಉಂಗುರವನ್ನು ಒಂದು ಕಡೆ ಕತ್ತರಿಸಿಟ್ಟರೆ ಅದು ಹಾರುವುದಿಲ್ಲ. ಪ್ರಯೋಗಾಲಯದಲ್ಲಿ ಇದನ್ನೂ ಮಾಡಿ ತೋರಿಸಿ. ಲೋಹಗಳನ್ನು ವಿದ್ಯುತ್ತಿನಿಂದ ಬೆಸೆಯುವ ವಿಧಾನವೂ ಸೇರಿದಂತೆ ಸುಮಾರು 700 ಪೇಟೆಂಟುಗಳು ಅವರ ಹೆಸರಿನಲ್ಲಿವೆ. ಆದರೂ ನಮ್ಮ ಪಠ್ಯಪುಸ್ತಕಗಳಲ್ಲಿ ಅವರಿಗೆ ಸಿಕ್ಕ ಜಾಗ ಅತ್ಯಲ್ಪ ಎಂಬ ಅಸಮಾಧಾನ ನನಗೆ ಹಿಂದಿನಿಂದಲೂ ಇದೆ.

ತಮ್ಮ ಹಿರಿಯ ಸಹೋದ್ಯೋಗಿ ಎಡ್ವಿನ್ ಹ್ಯೂಸ್ಟನ್ ಅವರೊಡನೆ ಅವರು ಕಟ್ಟಿದ ಥಾಮ್ಸನ್–ಹ್ಯೂಸ್ಟನ್ ಕಂಪನಿಯು 1892ರಲ್ಲಿ ಎಡಿಸನ್ನರ ಕಂಪನಿಯೊಂದಿಗೆ ವಿಲೀನಗೊಂಡು ಜನರಲ್ ಎಲೆಕ್ಟ್ರಿಕ್ ಆಯಿತು. ಈ ವರ್ಷ ಈಗಾಗಲೇ ಒಮ್ಮೆ ಬಂದಿರುವುದನ್ನು ಗಮನಿಸಿ: ವಿಲಿಯಂ ಥಾಮ್ಸನ್ ಕೆಲ್ವಿನ್ ಆದದ್ದು 1892ರಲ್ಲಿ, ಅವರ ಅಣ್ಣ ಜೇಮ್ಸ್ ತೀರಿಕೊಂಡಿದ್ದು 1892ರಲ್ಲಿ, ಜಿ.ಪಿ. ಹುಟ್ಟಿದ್ದೂ 1892ರಲ್ಲಿಯೇ. ಇದರಲ್ಲಿ ಯಾವ ಗೂಢಾರ್ಥವೂ ಇಲ್ಲ; ಮಕ್ಕಳಿಗೆ ನೆನಪಿಟ್ಟುಕೊಳ್ಳಲು ಅನುಕೂಲ, ಅಷ್ಟೆ.

ಕರ್ನಾಟಕಕ್ಕೂ ಇಲ್ಲಿ ನೇರವಾದ ನಂಟಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಜಲವಿದ್ಯುತ್ ಯೋಜನೆಗೆ ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಈ ಜನರಲ್ ಎಲೆಕ್ಟ್ರಿಕ್ ಕಂಪನಿಯೇ. 1902ರ ಜೂನ್ ಕೊನೆಯಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು 147 ಕಿಲೋಮೀಟರ್ ದೂರಕ್ಕೆ, ವಿದ್ಯುತ್ ಹರಿಯಿತು; 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡವು. ಎಲಿಹು ಥಾಮ್ಸನ್ ಇಲ್ಲಿಗೆ ಬಂದವರಲ್ಲ; ಆದರೆ ಅವರು ಸ್ಥಾಪಕರಲ್ಲೊಬ್ಬರಾಗಿದ್ದ ಕಂಪನಿಯ ಯಂತ್ರಗಳು ಬಂದವು.

ಅಚ್ಚುಮೊಳೆ

‘ಥಾಂಪ್ಸನ್’ ಬಗ್ಗೆ ಕೇಳಿದ್ದೀರಿ. ಮೇಲೆ ಹೆಸರಿಸಿದ ಐವರೂ, ಅಂದರೆ ವಿಲಿಯಂ, ಜೇಮ್ಸ್, ಜೆ.ಜೆ., ಜಿ.ಪಿ., ಎಲಿಹು ಈ ಎಲ್ಲರೂ ಇಂಗ್ಲಿಷಿನಲ್ಲಿ ‘ಪ’ಕಾರದ ಅಕ್ಷರವಿಲ್ಲದೆ ತಮ್ಮ ಹೆಸರನ್ನು ಬರೆಯುತ್ತಿದ್ದರು, ಅದು ಸ್ಕಾಟ್ಲೆಂಡಿನ ಕಡೆ ಹೆಚ್ಚಾಗಿ ಕಾಣುವ ರೂಪ. ಆ ಅಕ್ಷರವಿರುವ ರೂಪ ಇಂಗ್ಲೆಂಡಿನಲ್ಲಿ ಹೆಚ್ಚು. ಕನ್ನಡದಲ್ಲಿ ಥಾಮ್ಸನ್, ಥಾಂಪ್ಸನ್ ಎಂದು ಬೇರೆಬೇರೆಯಾಗಿ ಬರೆದರೆ ಈ ಭೇದವನ್ನು ಸುಲಭವಾಗಿ ಉಳಿಸಿಕೊಳ್ಳಬಹುದು. ನಮ್ಮ ಪತ್ರಿಕೆಗಳು ಅದನ್ನು ಪಾಲಿಸುವುದಿಲ್ಲ ಎಂಬುದು ಬೇರೆ ಮಾತು.

ಶಾಖದ ಪಾಠದಲ್ಲಿ ನಿಮಗೆ ಎದುರಾಗುವ ಥಾಂಪ್ಸನ್ ಒಬ್ಬರಿದ್ದಾರೆ, ಆದರೆ ಅವರೂ ಪದವಿಯ ಹೆಸರಿನ ಹಿಂದೆ ಅಡಗಿದ್ದಾರೆ. ಅವರು ಕೌಂಟ್ ರಮ್‌ಫರ್ಡ್, ಅಂದರೆ ಬೆಂಜಮಿನ್ ಥಾಂಪ್ಸನ್. 1753ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿ, ಸ್ವಾತಂತ್ರ್ಯ ಸಂಗ್ರಾಮದಲ್ಲಿ ಬ್ರಿಟಿಷರ ಪಕ್ಷ ವಹಿಸಿ, ದೇಶವನ್ನು ತೊರೆದು, ಕಡೆಗೆ ಬವೇರಿಯಾದ ಅರಸನ ಸೇವೆಗೆ ಸೇರಿದವರು. ಮ್ಯೂನಿಕ್‌ನ ಶಸ್ತ್ರಾಗಾರದಲ್ಲಿ ಫಿರಂಗಿಗಳನ್ನು ಕೊರೆಯುವಾಗ ಮೊಂಡಾದ ಕೊರೆಯುಳಿಯ ಉಜ್ಜಾಟದಿಂದಲೇ ನೀರು ಎರಡೂವರೆ ಗಂಟೆಯಲ್ಲಿ ಕುದಿದುದನ್ನು ತೋರಿಸಿ, ಶಾಖವು ಒಂದು ದ್ರವ್ಯವಾಗಿರಲಾರದು ಎಂದು 1798ರಲ್ಲಿ ವಾದಿಸಿದರು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಅನ್ನು 1799ರಲ್ಲಿ ಸ್ಥಾಪಿಸಿದವರಲ್ಲಿಯೂ ಅವರು ಪ್ರಮುಖರು. 1897ರ ಏಪ್ರಿಲ್ 30ರ ಶುಕ್ರವಾರದ ಸಂಜೆ ಜೆ.ಜೆ. ತಮ್ಮ ಹೊಸ ಕಣದ ವಿಚಾರವನ್ನು ಸಾರ್ವಜನಿಕವಾಗಿ ಮಂಡಿಸಿದ್ದು ಅದೇ ಸಂಸ್ಥೆಯ ವೇದಿಕೆಯಲ್ಲಿ. ಕೆಲ್ವಿನ್ ನದಿಯಿಂದ ಹೆಸರು ಪಡೆದರೆ ಇವರು ಊರಿನಿಂದ ಪಡೆದರು: ಅಮೆರಿಕದ ಕಾಂಕರ್ಡ್ ಎಂಬ ಪಟ್ಟಣದ ಹಳೆಯ ಹೆಸರು ರಮ್‌ಫರ್ಡ್. ಶಾಖದ ಬಗ್ಗೆ ಕೆಲಸ ಮಾಡಿದ ಇಬ್ಬರೂ ತಮ್ಮ ಮನೆತನದ ಹೆಸರನ್ನು ಬಿಟ್ಟು ಬೇರೊಂದರಿಂದ ಪ್ರಸಿದ್ಧರಾದುದು ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಇನ್ನೊಂದು ಉದಾಹರಣೆ.

ಕೆಲ್ವಿನ್‌ರ ಬದುಕನ್ನು 1910ರಲ್ಲಿ ಎರಡು ಸಂಪುಟಗಳಲ್ಲಿ ಬರೆದ ಸಿಲ್ವೇನಸ್ ಥಾಂಪ್ಸನ್ ಕೂಡ ‘ಪ’ಕಾರದವರೇ; ಗ್ರಂಥಾಲಯದ ಕಪಾಟಿನಲ್ಲಿ ಲೇಖಕರೂ ನಾಯಕರೂ ಒಂದೇ ಮನೆತನದವರೆಂಬ ಭ್ರಮೆ ಹುಟ್ಟಿಸುವ ಪುಸ್ತಕವದು. ಇನ್ನು ಕಂಪ್ಯೂಟರ್ ಓದುವ ಮಕ್ಕಳಿಗೆ ಕೆನ್ ಥಾಂಪ್ಸನ್ ಹೆಸರು ಗೊತ್ತಿರುತ್ತದೆ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಆರಂಭಿಸಿ, 1983ರಲ್ಲಿ ಡೆನಿಸ್ ರಿಚಿಯೊಡನೆ ಟ್ಯೂರಿಂಗ್ ಪ್ರಶಸ್ತಿ ಪಡೆದವರು. 1992ರಲ್ಲಿ ಅವರು ರಾಬ್ ಪೈಕ್ ಅವರೊಡನೆ ಯುಟಿಎಫ್-8 ಎಂಬ ಸಂಕೇತ ಪದ್ಧತಿಯನ್ನು ರೂಪಿಸಿದರು. ನಾವೆಲ್ಲ ಇಲ್ಲಿ ಬರೆಯುತ್ತಿರುವ ಕನ್ನಡದ ಒಂದೊಂದು ಸಂಕೇತವೂ ಆ ಪದ್ಧತಿಯಲ್ಲಿ ಮೂರು ಬೈಟುಗಳಾಗಿ ಉಳಿಯುತ್ತದೆ. ಒತ್ತಕ್ಷರವಿರುವ ಕಡೆ ಮೊದಲ ವ್ಯಂಜನಕ್ಕೊಂದು, ಹಲಂತಕ್ಕೊಂದು, ಮುಂದಿನ ವ್ಯಂಜನಕ್ಕೊಂದು ಸಂಕೇತ ಬೇಕಾಗುವುದರಿಂದ ಅಷ್ಟರಮಟ್ಟಿಗೆ ಜಾಗವೂ ಹೆಚ್ಚು.

ಕ್ರಿಕೆಟ್ ಪ್ರಿಯರಿಗಾಗಿ ಒಂದು ಮಾತು: ಆಸ್ಟ್ರೇಲಿಯಾದ ವೇಗಿ ಜೆಫ್ ಥಾಮ್ಸನ್ ‘ಪ’ಕಾರವಿಲ್ಲದವರು. 1977–78ರ ಪ್ರವಾಸದಲ್ಲಿ ನಮ್ಮ ವಿಶ್ವನಾಥ್ ಎದುರಿಸಿದ್ದು ಅವರನ್ನೇ.

ಕರಿಹಲಗೆ

ಎಲ್ಲರಿಗೂ ಮತ್ತೊಮ್ಮೆ ವಂದನೆಗಳು. ಟಿಪ್ಪಣಿಯಲ್ಲಿ ಬರಿದೇ ಥಾಮ್ಸನ್ ಎಂದು ಎಲ್ಲಿಯೂ ಬರೆಯದೆ, ಪ್ರತಿ ಸಲವೂ ಮೊದಲ ಹೆಸರನ್ನೋ ಮೊದಲಕ್ಷರಗಳನ್ನೋ ಸೇರಿಸುವುದೆಂದು ನಿರ್ಧರಿಸಿದ್ದೇನೆ. ಆದರೆ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ‘ಜೂಲ್–ಕೆಲ್ವಿನ್’ ಎಂದು ಬರೆದರೆ ಮೌಲ್ಯಮಾಪಕರು ಒಪ್ಪುವರೇ ಎಂಬ ಅನುಮಾನವಿದೆ. ಅಲ್ಲದೆ ಜೆ.ಜೆ. ಅವರನ್ನು ‘ಜೋಸೆಫ್ ಥಾಮ್ಸನ್’ ಎಂದು ಬರೆಯಬಹುದೇ?

ಇರುಳುಗಣ್ಣು

‘ಜೂಲ್–ಕೆಲ್ವಿನ್’ ತಪ್ಪಲ್ಲ; ಆದರೆ ನಿಮ್ಮ ಪಠ್ಯದಲ್ಲಿ ‘ಜೂಲ್–ಥಾಮ್ಸನ್’ ಎಂದಿರುವಾಗ ವಿದ್ಯಾರ್ಥಿಗಳು ಅದನ್ನೇ ಬರೆಯುವುದು ಕ್ಷೇಮ. ‘ಜೋಸೆಫ್ ಥಾಮ್ಸನ್’ ಎಂದು ಮಾತ್ರ ದಯವಿಟ್ಟು ಬರೆಯಬೇಡಿ. ಆ ಹೆಸರಿನ, ಬಹುಮಟ್ಟಿಗೆ ಅದೇ ಕಾಲದ ಸ್ಕಾಟಿಷ್ ಅನ್ವೇಷಕರೊಬ್ಬರು ಪೂರ್ವ ಆಫ್ರಿಕಾದಲ್ಲಿ ಸಂಚರಿಸಿದ್ದರು. ಅಲ್ಲಿನ ಹುಲ್ಲುಗಾವಲಿನ ಒಂದು ಬಗೆಯ ಸಣ್ಣ ಜಿಂಕೆಗೆ ಥಾಮ್ಸನ್ ಗೆಜೆಲ್ ಎಂಬ ಹೆಸರು ಬಂದಿರುವುದು ಅವರಿಂದ. ನಿಮ್ಮ ವಿದ್ಯಾರ್ಥಿನಿ ಅಂತರಜಾಲದಲ್ಲಿ ಜೋಸೆಫ್ ಥಾಮ್ಸನ್ ಎಂದು ಹುಡುಕಿದರೆ ಎಲೆಕ್ಟ್ರಾನಿನ ಜೊತೆಗೆ ಜಿಂಕೆಯೂ ಎದುರಾಗುತ್ತದೆ. ಜೆ.ಜೆ. ಎಂದೇ ಇರಲಿ, ಅವರ ಸಹೋದ್ಯೋಗಿಗಳು ಮತ್ತು ಶಿಷ್ಯರು ಕೂಡ ಅವರನ್ನು ಹಾಗೆಯೇ ಕರೆಯುತ್ತಿದ್ದರು.